ಕೊಂದವನು ಗೊತ್ತು, ಕಾರಣ ಗೊತ್ತಿಲ್ಲ

ಕೀಗೊ ಹಿಗಾಶಿನೊ ಬರೆದ ‘ಮ್ಯಾಲಿಸ್’ ಕಾದಂಬರಿಯಲ್ಲಿ ಕೊಲೆ ಮಾಡಿದವನು ಯಾರು ಅನ್ನುವುದು ಅರ್ಧ ದಾರಿಗೂ ಮೊದಲೇ ಗೊತ್ತಾಗಿಬಿಡುತ್ತದೆ. ಅವನನ್ನು ಹಿಡಿಯುತ್ತಾರೆ. ಹೌದು, ನಾನೇ ಕೊಂದೆ ಅಂತ ಅವನೂ ಒಪ್ಪಿಕೊಳ್ಳುತ್ತಾನೆ. ಬೇರೆ ಪತ್ತೇದಾರಿ ಕಾದಂಬರಿಯಾಗಿದ್ದರೆ ಅಲ್ಲಿಗೆ ಪುಸ್ತಕ ಮುಗಿಯುತ್ತಿತ್ತು. ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿ ಬೆಳೆದ ನನ್ನಂಥವರಿಗೆ ಅಪರಾಧಿ ಸಿಕ್ಕಿದ ಮೇಲೆ ಇನ್ನೇನು ಉಳಿಯಿತು ಅನ್ನಿಸುವುದು ಸಹಜ. ಆದರೆ ಈ ಕಾದಂಬರಿ ನಿಜವಾಗಿ ಶುರುವಾಗುವುದೇ ಅಲ್ಲಿಂದ. ಯಾಕೆ ಕೊಂದೆ ಅಂತ ಪೊಲೀಸರು ಕೇಳಿದರೆ ಅವನು ಬಾಯಿ ಬಿಡುವುದಿಲ್ಲ.

ಜಪಾನಿಯಲ್ಲಿ ಇದು ಬಂದದ್ದು 1996ರಲ್ಲಿ, ‘ಅಕುಯಿ’ ಎಂಬ ಹೆಸರಿನಲ್ಲಿ. ಇಂಗ್ಲಿಷಿಗೆ ಬಂದದ್ದು 2014ರಲ್ಲಿ. ಹಿಗಾಶಿನೊ 1958ರಲ್ಲಿ ಒಸಾಕಾದಲ್ಲಿ ಹುಟ್ಟಿದವರು. ವಾಹನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದುಕೊಂಡೇ ಬರೆಯಲು ಶುರು ಮಾಡಿದರು. 1985ರಲ್ಲಿ ಅವರಿಗೆ ಎಡೊಗಾವಾ ರಾಂಪೊ ಪ್ರಶಸ್ತಿ ತಂದುಕೊಟ್ಟ ಮೊದಲ ಕಾದಂಬರಿಯೇ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಡೆಯುವಂಥದ್ದು. ಶಾಲೆ, ಮೇಷ್ಟ್ರು, ಮಕ್ಕಳು, ಮಕ್ಕಳ ನಡುವಿನ ಕ್ರೌರ್ಯ, ಇವೆಲ್ಲ ಮೊದಲಿನಿಂದಲೂ ಅವರ ಬರಹದಲ್ಲಿ ಇವೆ. ನಮ್ಮಲ್ಲಿ ಜಾಸ್ತಿ ಜನ ಓದಿರುವುದು ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ನನ್ನ ಮಟ್ಟಿಗೆ ‘ಮ್ಯಾಲಿಸ್’ ಅದಕ್ಕಿಂತ ದೊಡ್ಡ ಪುಸ್ತಕ. ಅದರಲ್ಲಿ ಜಾಣತನ ಜಾಸ್ತಿ. ಇದರಲ್ಲಿ ಮನುಷ್ಯರು ಜಾಸ್ತಿ.

ಕಥೆ ಹೀಗಿದೆ. ಕುನಿಹಿಕೊ ಹಿದಾಕಾ ಹೆಸರು ಮಾಡಿದ ಕಾದಂಬರಿಕಾರ. ಮನೆ ಖಾಲಿ ಮಾಡಿ, ಹೊಸದಾಗಿ ಮದುವೆಯಾದ ಹೆಂಡತಿ ರೀಎ ಜೊತೆ ಕೆನಡಾದ ವ್ಯಾಂಕೂವರಿಗೆ ಹೊರಟು ನಿಂತಿರುತ್ತಾನೆ. ಅಷ್ಟರಲ್ಲಿ ತನ್ನ ಬರೆಯುವ ಕೋಣೆಯಲ್ಲೇ ಕೊಲೆಯಾಗುತ್ತಾನೆ. ಹೆಣವನ್ನು ಮೊದಲು ನೋಡುವುದು ಹೆಂಡತಿ ಮತ್ತು ಬಾಲ್ಯದ ಗೆಳೆಯ ಒಸಾಮು ನೊನೊಗುಚಿ. ನೊನೊಗುಚಿ ಮಕ್ಕಳಿಗಾಗಿ ಪುಸ್ತಕ ಬರೆಯುವವನು. ಅದಕ್ಕೂ ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದ. ತನಿಖೆಗೆ ಬರುವ ಪತ್ತೇದಾರ ಕ್ಯೊಇಚಿರೊ ಕಾಗಾ ಕೂಡ ಒಂದು ಕಾಲಕ್ಕೆ ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದವನು. ಹಾಗಾಗಿ ಇಬ್ಬರಿಗೂ ಹಳೆಯ ಪರಿಚಯ. ಪುಸ್ತಕದ ಒಂದು ಅಧ್ಯಾಯ ನೊನೊಗುಚಿ ಬರೆದದ್ದಾದರೆ ಇನ್ನೊಂದು ಕಾಗಾನ ಟಿಪ್ಪಣಿ. ಇಬ್ಬರು ಬರೆಯುತ್ತಾರೆ, ಓದುಗ ಇಬ್ಬರ ನಡುವೆ ಕೂತಿರುತ್ತಾನೆ.

ಇಲ್ಲಿಂದ ಮುಂದೆ ಗುಟ್ಟು ಬಿಚ್ಚದೆ ಮಾತಾಡಲು ಆಗುವುದಿಲ್ಲ. ಪುಸ್ತಕ ಇನ್ನೂ ಓದಿಲ್ಲ, ಓದುವ ಮನಸ್ಸಿದೆ ಅನ್ನುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಓದಿಯಾದ ಮೇಲೆ ಬನ್ನಿ.

ಹಿದಾಕಾನನ್ನು ಕೊಂದವನು ನೊನೊಗುಚಿ. ಅವನೇ ಬರೆದ ಮೊದಲ ಅಧ್ಯಾಯದಲ್ಲಿ ಒಂದು ಬೆಕ್ಕು ಬರುತ್ತದೆ. ಪಕ್ಕದ ಮನೆಯ ಹೆಂಗಸಿನ ಬೆಕ್ಕು. ಅದರ ಕಾಟ ತಡೆಯಲಾರದೆ ಹಿದಾಕಾ ಒಂದು ಲೇಖನವನ್ನೂ ಬರೆದಿರುತ್ತಾನೆ. ಬೆಕ್ಕು ಸತ್ತುಹೋಗುತ್ತದೆ. ಗೆಳೆಯನನ್ನು ನೋಡಲು ಬಂದ ನೊನೊಗುಚಿ ತೋಟದಲ್ಲಿ ಆ ಹೆಂಗಸನ್ನು ನೋಡುತ್ತಾನೆ. ಆಮೇಲೆ ಮಾತಿನ ನಡುವೆ ಹಿದಾಕಾ, ವಿಷ ಇಟ್ಟು ಕೊಂದದ್ದು ನಾನೇ ಅಂತ ಹೇಳಿಬಿಡುತ್ತಾನೆ. ಇಷ್ಟೇ. ಎರಡು ಮೂರು ಪುಟ. ಕಥೆ ಮುಂದಕ್ಕೆ ಹೋಗುತ್ತದೆ, ನಾವು ಬೆಕ್ಕನ್ನು ಮರೆಯುತ್ತೇವೆ. ಆದರೆ ಹಿದಾಕಾನನ್ನು ಮರೆಯುವುದಿಲ್ಲ. ಅವನು ಒಂದು ಪಾಪದ ಪ್ರಾಣಿಗೆ ವಿಷ ಹಾಕಿದವನು. ಆಮೇಲೆ ಅವನು ಗೆಳೆಯನನ್ನು ಹಿಂಸಿಸಿದ, ಗೆಳೆಯನ ಬರಹ ಕದ್ದ ಅಂತೆಲ್ಲ ಕೇಳಿದಾಗ ನಮಗೆ ಆಶ್ಚರ್ಯವೇ ಆಗುವುದಿಲ್ಲ. ಅಂಥವನೇ ಇರಬೇಕು ಬಿಡು ಅನ್ನಿಸುತ್ತದೆ.

ಕೊನೆಯಲ್ಲಿ ತಿಳಿಯುತ್ತದೆ, ಹಿದಾಕಾ ಬೆಕ್ಕನ್ನು ಕೊಂದಿರಲೇ ಇಲ್ಲ. ಆ ಎರಡು ಮೂರು ಪುಟ ನೊನೊಗುಚಿಯ ಕೈಚಳಕ. ಸತ್ತವನ ಬಗ್ಗೆ ಓದುವವರ ಮನಸ್ಸಿನಲ್ಲಿ ಮೊದಲೇ ಒಂದು ತೊಟ್ಟು ವಿಷ ಬಿಡಲು ಅವನೇ ಬೆಕ್ಕನ್ನು ಕೊಂದು, ಅವನೇ ಆ ಮಾತುಕತೆ ಬರೆದ. ಅದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಮೊದಲ ಅಧ್ಯಾಯಕ್ಕೆ ಹಿಂದಿರುಗಿದೆ. ಒಂದೊಂದು ಸಾಲನ್ನೂ ಮತ್ತೆ ಓದಿದೆ. ಎಲ್ಲೂ ದನಿ ಏರಿಲ್ಲ. ಎಲ್ಲೂ ಬೈಗುಳವಿಲ್ಲ. ಗೆಳೆಯನ ಮೇಲೆ ಅಕ್ಕರೆ ಇರುವವನು ಬೇಜಾರಿನಿಂದ ಬರೆದ ಹಾಗೇ ಇದೆ. ಒಬ್ಬರ ಹೆಸರು ಕೆಡಿಸುವ ಕೆಲಸ ನಿಜ ಜೀವನದಲ್ಲೂ ಹೀಗೇ ನಡೆಯುತ್ತದೆ ಅಲ್ವಾ? ಜಗಳವಾಡಿ ಯಾರೂ ಕೆಡಿಸುವುದಿಲ್ಲ. ‘ಪಾಪ, ಒಳ್ಳೆಯವನೇ, ಆದರೆ...’ ಅಂತ ಶುರುವಾಗುತ್ತದೆ.

ಬಂಧನವಾದ ಮೇಲೆ ನೊನೊಗುಚಿ ಸುಮ್ಮನಿರುತ್ತಾನೆ ಅಂದೆನಲ್ಲ, ಅದೂ ಲೆಕ್ಕ ಹಾಕಿ ಮಾಡಿದ ಕೆಲಸ. ಅವನು ಕಾರಣ ಹೇಳಿದ್ದರೆ ಪೊಲೀಸರು ಅನುಮಾನಪಡುತ್ತಿದ್ದರು. ಅವನು ಹೇಳುವುದಿಲ್ಲ, ಆದ್ದರಿಂದ ಕಾಗಾ ಹುಡುಕುತ್ತಾನೆ. ಹುಡುಕಿದಲ್ಲೆಲ್ಲ ಸಿಗುತ್ತದೆ. ಹಿದಾಕಾನ ಪ್ರಸಿದ್ಧ ಕಾದಂಬರಿಗಳನ್ನೇ ಹೋಲುವ ಕೈಬರಹದ ಹಳೇ ಪ್ರತಿಗಳು ನೊನೊಗುಚಿಯ ಮನೆಯಲ್ಲಿ ಸಿಗುತ್ತವೆ. ಹಿದಾಕಾನ ಮೊದಲ ಹೆಂಡತಿ, ತೀರಿಕೊಂಡ ಹತ್ಸುಮಿಯ ಫೋಟೊ ಸಿಗುತ್ತದೆ. ಒಂದು ವಿಡಿಯೊ ಸಿಗುತ್ತದೆ. ಎಲ್ಲ ಸೇರಿ ಒಂದು ಕಥೆಯಾಗುತ್ತದೆ: ಹತ್ಸುಮಿಗೂ ಇವನಿಗೂ ಪ್ರೀತಿಯಿತ್ತು, ಅದನ್ನು ಹಿಡಿದುಕೊಂಡು ಹಿದಾಕಾ ಇವನನ್ನು ಬೆದರಿಸಿದ, ವರ್ಷಗಟ್ಟಲೆ ಇವನ ಕೈಯಲ್ಲಿ ಬರೆಸಿ ತನ್ನ ಹೆಸರು ಹಾಕಿಕೊಂಡ. ತಾನೇ ಅಗೆದು ತೆಗೆದ ಸತ್ಯ ಅನ್ನುವ ಭಾವನೆ ಪೊಲೀಸರಿಗೆ. ಓದುವ ನಮಗೂ ಅಷ್ಟೇ. ಯಾರೋ ಹೇಳಿದ್ದನ್ನು ಅನುಮಾನಿಸುವ ನಾವು, ನಾವೇ ಕಂಡುಹಿಡಿದದ್ದನ್ನು ಅನುಮಾನಿಸುವುದಿಲ್ಲ.

ಇದನ್ನು ಬಿಡಿಸುವ ಎಳೆ ಬಹಳ ಸಣ್ಣದು. ನೊನೊಗುಚಿ ಬರೆಯುವುದು ವರ್ಡ್ ಪ್ರೊಸೆಸರಿನಲ್ಲಿ. ಆದರೂ ಅವನ ಬೆರಳಿನ ಮೇಲೆ ಪೆನ್ನು ಒತ್ತಿ ಒತ್ತಿ ಕಟ್ಟಿದ ಗಂಟಿದೆ. ಕಾಗಾ ಅದನ್ನು ನೋಡುತ್ತಾನೆ. ಹಳೆಯವು ಅಂತ ನಂಬಿದ್ದ ಆ ಹಸ್ತಪ್ರತಿಗಳನ್ನು ಅವನು ಈಚೆಗೆ ಕೂತು, ಹಿದಾಕಾನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನಕಲು ಮಾಡಿದ್ದ. ಅಂದರೆ ಕಳ್ಳತನವೇ ನಡೆದಿರಲಿಲ್ಲ. ನೊನೊಗುಚಿಗೆ ಕ್ಯಾನ್ಸರ್. ತಾನು ಜಾಸ್ತಿ ದಿನ ಬದುಕುವುದಿಲ್ಲ ಅಂತ ಗೊತ್ತು. ಉಳಿದ ಶಕ್ತಿಯನ್ನೆಲ್ಲ ಅವನು ಒಂದೇ ಕೆಲಸಕ್ಕೆ ಇಟ್ಟ. ಹಿದಾಕಾನ ಪ್ರಾಣ ತೆಗೆಯುವುದು ಅದರಲ್ಲಿ ಚಿಕ್ಕ ಭಾಗ. ಹಿದಾಕಾ ಬದುಕಿ ಗಳಿಸಿದ ಹೆಸರನ್ನು ಅಳಿಸುವುದು ದೊಡ್ಡ ಭಾಗ.

ಮತ್ತೆ ಕಾರಣ? ಅದನ್ನು ಹುಡುಕಿಕೊಂಡು ಕಾಗಾ ಅವರಿಬ್ಬರ ಶಾಲೆಯ ದಿನಗಳಿಗೆ ಹೋಗುತ್ತಾನೆ. ಹಳೆಯ ಸಹಪಾಠಿಗಳನ್ನು, ಮೇಷ್ಟ್ರನ್ನು, ನೆರೆಮನೆಯವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸುತ್ತಾನೆ. ಒಬ್ಬರಿಗೆ ನೆನಪಿರುವುದು ಇನ್ನೊಬ್ಬರಿಗೆ ನೆನಪಿಲ್ಲ. ಅವರ ಶಾಲೆಯಲ್ಲಿ ಫುಜಿಯೊ ಎಂಬ ಹುಡುಗನ ಗುಂಪಿನ ಹಿಂಸೆ ವಿಪರೀತ. ನೊನೊಗುಚಿ ಅದನ್ನು ಅನುಭವಿಸಿದವನು. ಆಮೇಲೆ ತಾನೇ ಆ ಗುಂಪಿನ ಬಾಲವಾದವನು. ಹಿದಾಕಾನಿಗೂ ಏಟು ಬಿದ್ದಿತ್ತು. ಆದರೆ ಅವನು ಬಗ್ಗಲಿಲ್ಲ. ಚಿಕ್ಕಂದಿನಲ್ಲಿ ಶಾಲೆಗೆ ಹೋಗಲು ಮನಸ್ಸಿಲ್ಲದ ನೊನೊಗುಚಿಯನ್ನು ಮನೆಗೆ ಬಂದು ಕರೆದುಕೊಂಡು ಹೋಗುತ್ತಿದ್ದವನೂ ಅವನೇ. ದೊಡ್ಡವನಾದ ಮೇಲೆ ಮಕ್ಕಳ ಪುಸ್ತಕ ಬರೆಯಲು ಅವನಿಗೆ ದಾರಿ ಮಾಡಿಕೊಟ್ಟವನೂ ಅವನೇ. ನೊನೊಗುಚಿಯ ದ್ವೇಷ ಬೆಳೆದದ್ದು ಅಲ್ಲಿ. ಹೊಡೆದ ಫುಜಿಯೊ ಮೇಲಲ್ಲ. ತನ್ನ ಹಾಗೇ ಏಟು ತಿಂದೂ ಹೊಡೆಯುವವರ ಜೊತೆ ಸೇರದವನ ಮೇಲೆ.

ಕಾಗಾ ಮೇಷ್ಟ್ರ ಕೆಲಸ ಬಿಟ್ಟದ್ದು ಯಾಕೆ ಅನ್ನುವುದನ್ನು ಹಿಗಾಶಿನೊ ಇಲ್ಲಿ ತಂದು ಜೋಡಿಸುತ್ತಾರೆ. ಅವನ ತರಗತಿಯಲ್ಲೂ ಒಬ್ಬ ಹುಡುಗನಿಗೆ ಹಿಂಸೆ ನಡೆಯುತ್ತಿತ್ತು. ಕಾಗಾ ಒಳ್ಳೆಯ ಮನಸ್ಸಿನಿಂದಲೇ ಅದಕ್ಕೆ ಕೈ ಹಾಕಿದ. ಆದರೂ ವಿಷಯ ಚಾಕುವಿನವರೆಗೆ ಹೋಯಿತು, ಅದೂ ಏಟು ತಿಂದ ಹುಡುಗನ ಕೈಯಲ್ಲಿ. ಅವನಿಗೆ ಯಾಕೆ ಅಷ್ಟು ಕಾಟ ಕೊಟ್ಟೆ ಅಂತ ಹಿಂಸೆ ಕೊಟ್ಟವನನ್ನು ಕೇಳಿದಾಗ ಬಂದ ಉತ್ತರದ ಸಾರ ಇಷ್ಟೇ: ಅವನು ನನಗೆ ಸುಮ್ನೆ ಇಷ್ಟವಿರಲಿಲ್ಲ. ಅದರ ಹಿಂದೆ ಏನೂ ಇಲ್ಲ. ಅಗೆದರೂ ಸಿಗುವುದಿಲ್ಲ.

ಈ ಜಾಗ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಯಾಕೆ ಅಂತ ಹೇಳುತ್ತೇನೆ.

ನಮ್ಮದು ರಾಯಚೂರು ಕಡೆಯ ಊರು. ಪಿಯುಸಿಗೆ ನನ್ನನ್ನು ದಕ್ಷಿಣದ ಒಂದು ಹಾಸ್ಟೆಲಿಗೆ ಹಾಕಿದರು. ನಾನು ಬಾಯಿ ತೆರೆದರೆ ಕೋಣೆಯವರಿಗೆಲ್ಲ ನಗು. ನಗು ಪರವಾಗಿಲ್ಲ, ಅದಕ್ಕೆ ಒಗ್ಗಿಕೊಳ್ಳಬಹುದು. ಆಮೇಲೆ ಹಾಸಿಗೆಗೆ ನೀರು ಸುರಿಯುವುದು, ಪರೀಕ್ಷೆಯ ಹಿಂದಿನ ದಿನ ನೋಟ್ಸ್ ಕಾಣೆಯಾಗುವುದು, ಊಟಕ್ಕೆ ಕೂತರೆ ಇಡೀ ಬೆಂಚು ಎದ್ದುಹೋಗುವುದು ಶುರುವಾಯಿತು. ಕೊನೆಗೆ ನಾನು ವಾರ್ಡನ್ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಕೂರಿಸಿದರು, ಪೂರ್ತಿ ಕೇಳಿದರು. ಕೇಳಿ ಹೇಳಿದ್ದು ಇದು: ‘ಸುಮ್ ಸುಮ್ನೆ ಯಾರಾದ್ರೂ ಯಾಕೆ ಹೀಗೆ ಮಾಡ್ತಾರೆ? ನೀನೇ ಏನೋ ಮಾಡಿರ್ಬೇಕು. ಯೋಚ್ನೆ ಮಾಡಿ ನೋಡು.’

‘ಏನೂ ಮಾಡಿಲ್ರೀ ಸರ’ ಅಂದೆ. ಅದು ಅವರಿಗೆ ಉತ್ತರ ಅನ್ನಿಸಲಿಲ್ಲ. ಹುಡುಗರನ್ನು ಕರೆಸಿದರು. ಅವರ ಹತ್ತಿರ ಉತ್ತರ ಇತ್ತು. ನಾನು ಜಂಬದವನಂತೆ, ಯಾರ ಜೊತೆಗೂ ಸೇರುವುದಿಲ್ಲವಂತೆ, ಒಬ್ಬನ ಮನೆಯವರ ಬಗ್ಗೆ ಏನೋ ಅಂದೆನಂತೆ. ಅವರು ಅಲ್ಲೇ ನಿಂತಲ್ಲೇ ಕಟ್ಟಿದ ಕಥೆ ಅದು. ಆದರೆ ಅದಕ್ಕೆ ತಲೆ ಇತ್ತು, ಬುಡ ಇತ್ತು. ನನ್ನದಕ್ಕೆ ಇರಲಿಲ್ಲ. ‘ಇಬ್ಬರ ಕಡೆಯೂ ತಪ್ಪಿದೆ’ ಅಂತ ಇತ್ಯರ್ಥವಾಯಿತು.

ನನ್ನ ಸಾಮಾನು ಬಚ್ಚಿಡುವುದರಲ್ಲಿ ಎಲ್ಲರಿಗಿಂತ ಮುಂದಿದ್ದವನು ಯಾರು ಗೊತ್ತಾ? ನಾನು ಬರುವುದಕ್ಕೆ ಮೊದಲು ಆ ಕೋಣೆಯಲ್ಲಿ ಏಟು ತಿನ್ನುತ್ತಿದ್ದ ಹುಡುಗ. ನಾನು ಬಂದು ಅವನ ಜಾಗ ತುಂಬಿದೆ. ಅವನಿಗೆ ಬಿಡುಗಡೆಯಾಯಿತು. ಮತ್ತೆ ಆ ಜಾಗಕ್ಕೆ ಹೋಗಬಾರದು ಅಂದರೆ ಅವನು ಎಲ್ಲರಿಗಿಂತ ಜೋರಾಗಿ ನಗಬೇಕಿತ್ತು. ಆಗ ನನಗೆ ಅವನ ಮೇಲೆ ಬಂದ ಸಿಟ್ಟು ಬೇರೆ ಯಾರ ಮೇಲೂ ಬರಲಿಲ್ಲ. ‘ಮ್ಯಾಲಿಸ್’ ಓದುವಾಗ ನೊನೊಗುಚಿಯ ಮುಖದ ಜಾಗದಲ್ಲಿ ನನಗೆ ಕಂಡದ್ದು ಅವನ ಮುಖ.

ಜಪಾನಿನಲ್ಲಿ ಇಂಥ ಹಿಂಸೆಗೆ ಇಜಿಮೆ ಅನ್ನುತ್ತಾರೆ. ಹಿಗಾಶಿನೊ ಇದನ್ನು ಬರೆಯುವ ಹೊತ್ತಿಗೆ ಆ ದೇಶ ಅದರ ಬಗ್ಗೆ ನಡುಗಿ ಮಾತಾಡುತ್ತಿತ್ತು. 1986ರ ಫೆಬ್ರವರಿಯಲ್ಲಿ ಟೋಕಿಯೋದ ನಕಾನೊ ಪ್ರದೇಶದ ಒಬ್ಬ 13 ವರ್ಷದ ಹುಡುಗ ಜೀವ ಕಳೆದುಕೊಂಡ. ಅದಕ್ಕೂ ಕೆಲವು ತಿಂಗಳ ಹಿಂದೆ ಅವನ ತರಗತಿಯವರು ಅವನು ಸತ್ತುಹೋದ ಹಾಗೆ ಶವಸಂಸ್ಕಾರದ ಆಟ ಆಡಿದ್ದರು. ಅವನ ಮೇಜಿನ ಮೇಲೆ ಬೀಳ್ಕೊಡುಗೆಯ ಕಾರ್ಡು ಇಟ್ಟಿದ್ದರು. ಆ ಕಾರ್ಡಿಗೆ 4 ಜನ ಮೇಷ್ಟ್ರೂ ಸಹಿ ಹಾಕಿದ್ದರು, ತಮಾಷೆ ಅಂದುಕೊಂಡು. 1994ರ ಕೊನೆಯಲ್ಲಿ ಐಚಿ ಪ್ರಾಂತ್ಯದಲ್ಲಿ ಇನ್ನೊಬ್ಬ ಹುಡುಗ. ಸಹಪಾಠಿಗಳು ಅವನಿಂದ 10 ಲಕ್ಷ ಯೆನ್‌ಗಿಂತ ಜಾಸ್ತಿ ಹಣ ಕಿತ್ತಿದ್ದರು. ಕಾದಂಬರಿ ಬಂದದ್ದು ಅದಾಗಿ 2 ವರ್ಷಕ್ಕೆ.

ಮೊರಿತಾ ಯೋಜಿ ಎಂಬ ಸಮಾಜಶಾಸ್ತ್ರಜ್ಞ, ಕಿಯೊನಾಗಾ ಕೆಂಜಿ ಜೊತೆ ಸೇರಿ 1986ರಲ್ಲಿ ಬರೆದ ಪುಸ್ತಕ ಆ ದೇಶದ ಮೇಷ್ಟ್ರುಗಳಿಗೆ ಹೊಸ ಕಣ್ಣು ಕೊಟ್ಟಿತು. ಹಿಂಸೆ ಇಬ್ಬರ ನಡುವೆ ನಡೆಯುವುದಿಲ್ಲ ಅಂತ ಅವರು ತೋರಿಸಿದರು. ಏಟು ತಿನ್ನುವವನು, ಏಟು ಕೊಡುವವನು, ಸುತ್ತ ನಿಂತು ಹುರಿದುಂಬಿಸಿ ನಗುವವರು, ಅವರಾಚೆ ಕಂಡೂ ಕಾಣದ ಹಾಗೆ ಇರುವವರು, ಹೀಗೆ 4 ಪದರ. ಒಂದು ಪದರದಿಂದ ಇನ್ನೊಂದಕ್ಕೆ ಜಾರುವುದು ಸುಲಭ. ಇವತ್ತು ಏಟು ತಿಂದವನು ನಾಳೆ ನಗುವವರ ಸಾಲಿನಲ್ಲಿ. ನೊನೊಗುಚಿ ಅದೇ ಜಾರುವ ದಾರಿಯಲ್ಲಿ ಬಂದವನು.

ನನಗೆ ಇನ್ನೂ ಮುಖ್ಯ ಅನ್ನಿಸುವುದು ಜಪಾನಿನ ಸರಕಾರ ಇಜಿಮೆಗೆ ಕೊಟ್ಟ ಅರ್ಥವಿವರಣೆ ಬದಲಾದ ಬಗೆ. 1986ರಲ್ಲಿ ಶಿಕ್ಷಣ ಇಲಾಖೆಯ ಪ್ರಕಾರ, ಶಾಲೆ ತಾನೇ ಖಚಿತಪಡಿಸಿಕೊಂಡರೆ ಮಾತ್ರ ಅದು ಇಜಿಮೆ. ಮೇಷ್ಟ್ರು ಒಪ್ಪದಿದ್ದರೆ ಇಲ್ಲ. 1994ರಲ್ಲಿ ಆ ಮಾತನ್ನು ತೆಗೆದರು. 2006ರಲ್ಲಿ, ಅನುಭವಿಸಿದ ಮಗುವಿಗೆ ನೋವಾಗಿದೆಯಾ ಅನ್ನುವುದೇ ಅಳತೆಯಾಯಿತು. ಶಿಗಾ ಪ್ರಾಂತ್ಯದ ಒತ್ಸು ಊರಿನಲ್ಲಿ 2011ರಲ್ಲಿ ಇನ್ನೊಂದು ಮಗು ಹೋದ ಮೇಲೆ, 2013ರಲ್ಲಿ ಇಜಿಮೆ ತಡೆಗೆ ಕಾನೂನೇ ಬಂತು. ಅದರಲ್ಲೂ ಅಳತೆ ಅದೇ. ಯಾಕೆ ಮಾಡಿದರು ಅನ್ನುವುದು ಅದರ ಅರ್ಥವಿವರಣೆಯೊಳಗೆ ಇಲ್ಲ. ನಮ್ಮಲ್ಲಿ ಯುಜಿಸಿ 2009ರಲ್ಲಿ ತಂದ ರ‍್ಯಾಗಿಂಗ್ ತಡೆ ನಿಯಮದಲ್ಲೂ ಹೀಗೇ ಇದೆ. ಹುಡುಗನ ಮನಸ್ಸಿಗೆ, ಆತ್ಮವಿಶ್ವಾಸಕ್ಕೆ ಪೆಟ್ಟು ಬಿತ್ತಾ ಅನ್ನುವುದನ್ನು ನೋಡಬೇಕು. ಮಾಡಿದವರಿಗೆ ವಿಕೃತ ಖುಷಿ ಪಡುವ, ದರ್ಪ ತೋರಿಸುವ ಉದ್ದೇಶ ಇರಲಿ, ಇಲ್ಲದಿರಲಿ. 2016ರಲ್ಲಿ ಅದಕ್ಕೆ ಒಂದು ಪಟ್ಟಿ ಸೇರಿತು: ಜಾತಿ, ಬಣ್ಣ, ಹುಟ್ಟಿದ ಊರು, ಯಾವ ಕಡೆಯವರು ಅನ್ನುವುದು, ಆಡುವ ಭಾಷೆ. ಅದನ್ನು ಓದಿದಾಗ ನನಗೆ ಗಂಟಲು ಕಟ್ಟಿತು. ನಮ್ಮ ಕಾಲದಲ್ಲಿ ಇಂಥದ್ದನ್ನು ಕಾಗದದ ಮೇಲೆ ಕೂಡ ಯಾರೂ ಬರೆದುಕೊಟ್ಟಿರಲಿಲ್ಲ.

ಯಾಕೆ ಅನ್ನುವ ಪ್ರಶ್ನೆ ಹಿಂಸೆ ಕೊಟ್ಟವನಿಗೆ ಅನುಕೂಲ ಮಾಡಿಕೊಡುತ್ತದೆ. ಈ ಕಾದಂಬರಿಯಿಂದ ನಾನು ಹಿಡಿದುಕೊಂಡು ಬಂದ ಮಾತು ಇದು. ಕೇಳುವವರಿಗೆ ಒಂದು ಕಾರಣ ಬೇಕು. ಕಾರಣ ಸಿಗದ ಕ್ರೌರ್ಯವನ್ನು ಎದುರಿಗೆ ಇಟ್ಟುಕೊಂಡು ಕೂರುವುದು ಯಾರಿಗೂ ಆಗುವುದಿಲ್ಲ. ಪೊಲೀಸರಿಗೂ ಆಗುವುದಿಲ್ಲ, ವಾರ್ಡನ್‌ಗೂ ಆಗುವುದಿಲ್ಲ. ಆ ಹಸಿವು ನೊನೊಗುಚಿಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅವನು ಕಥೆ ಬರೆಯುವವನು. ಪ್ರೀತಿ, ಬೆದರಿಕೆ, ಕಳ್ಳತನ, ಓದುಗರು ನಂಬುವ ಎಲ್ಲವನ್ನೂ ಅವನು ಬಡಿಸುತ್ತಾನೆ. ಎದುರಿಗೆ ಹಿದಾಕಾನ ಪರವಾಗಿ ಹೇಳಲು ಏನಿದೆ? ಒಳ್ಳೆಯವನಾಗಿದ್ದ, ಅಷ್ಟೇ. ಒಳ್ಳೆಯತನಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಬೆಳಿಗ್ಗೆ ಗೆಳೆಯನ ಮನೆಗೆ ಹೋಗಿ ಕರೆದುಕೊಂಡು ಬಂದದ್ದನ್ನು ಯಾರು ಬರೆದಿಡುತ್ತಾರೆ?

ಪುಸ್ತಕದಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಹೆಂಗಸರಿಗೆ ಇಲ್ಲಿ ಜಾಗ ಕಡಿಮೆ. ಹತ್ಸುಮಿ ಒಂದು ಫೋಟೊ ಆಗಿಯೇ ಉಳಿದುಬಿಡುತ್ತಾಳೆ. ಸತ್ತ ಹೆಣ್ಣಿನ ಹೆಸರಿಗೂ ಇಲ್ಲಿ ಮಸಿ ಬಳಿಯಲಾಗಿದೆ, ಅವಳು ಮಾಡದ ಸಂಬಂಧವನ್ನು ಅವಳ ಮೇಲೆ ಹೊರಿಸಲಾಗಿದೆ. ಆ ಅನ್ಯಾಯದ ಮುಂದೆ ಕಾದಂಬರಿ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. ಫುಜಿಯೊನ ಗುಂಪು ಒಬ್ಬ ಹುಡುಗಿಗೆ ಮಾಡಿದ ಘೋರ ಅಪರಾಧವೂ ಕಥೆಯ ಒಂದು ಕೀಲಿಯಾಗಿ ಮಾತ್ರ ಬರುತ್ತದೆ. ನೊನೊಗುಚಿ ಮುಚ್ಚಿಡಲು ಒದ್ದಾಡುವ ಗುಟ್ಟು ಅದು. ಆ ಹುಡುಗಿ ಯಾರು, ಆಮೇಲೆ ಹೇಗೆ ಬದುಕಿದಳು ಅನ್ನುವುದರ ಕಡೆ ಪುಸ್ತಕ ತಿರುಗುವುದಿಲ್ಲ. ಹಿಂಸೆ ಕೊಟ್ಟವರ ಮನಸ್ಸನ್ನು ಇಷ್ಟು ಆಳಕ್ಕೆ ಬಗೆದು ನೋಡಿದ ಲೇಖಕ ಅನುಭವಿಸಿದವಳ ಕಡೆ ನೋಡದೆ ಹೋದದ್ದು ನನಗೆ ನೋವು ತಂದಿತು.

ಪುಸ್ತಕವನ್ನು ನನ್ನ ತಂಗಿಗೆ ಕೊಟ್ಟೆ. ಅವಳು ಊರ ಹತ್ತಿರದ ಹೈಸ್ಕೂಲಿನಲ್ಲಿ ಟೀಚರ್. ಓದಿ ಮುಗಿಸಿ ಫೋನ್ ಮಾಡಿದಳು. ನಾನು ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಯಾಕೆ ಅಂತ ಕೇಳುವುದನ್ನೇ ಬಿಡಬೇಕು ಅಂದೆ.

‘ಇಲ್ಲಣ್ಣಾ’ ಅಂದಳು. ‘ನಾ ಅಂತೂ ಕೇಳೇ ಕೇಳ್ತೀನಿ. ಆದ್ರ ಹೊಡಸ್ಕೊಂಡವ್ನ ಮುಂದ ಕೇಳಂಗಿಲ್ಲ. ಮೊದ್ಲ ದಿನ ಕೇಳಂಗಿಲ್ಲ. ಹೊಡದವ ಸುಳ್ಳು ಹೇಳಲಿ, ಆ ಸುಳ್ಳಿನಾಗ ಅವನ ಮನಿ ಕಾಣ್ತದ.’ ಅವಳು ನೊನೊಗುಚಿಯ ತಾಯಿಯ ಮಾತೆತ್ತಿದಳು. ಆ ತಾಯಿಗೆ ತಾವಿದ್ದ ಜಾಗದ ಜನರ ಬಗ್ಗೆ, ಆ ಶಾಲೆಯ ಬಗ್ಗೆ ತಾತ್ಸಾರ. ಹಿದಾಕಾನಂಥ ಹುಡುಗರ ಜೊತೆ ಮಗ ಸೇರುವುದು ಇಷ್ಟವಿರಲಿಲ್ಲ. ಪ್ರತಿದಿನ ಬಾಗಿಲಿಗೆ ಬಂದು ಕರೆಯುವ ಗೆಳೆಯನನ್ನು ಕೀಳು ಅಂತ ಕಲಿಸಿದ್ದು ಯಾರು, ಅದನ್ನು ಕೇಳದೆ ಬಿಟ್ಟರೆ ಮುಂದಿನ ಹುಡುಗನನ್ನು ಹೇಗೆ ತಡೆಯುತ್ತೀ ಅಂತ ಅವಳ ವಾದ. ತನ್ನ ತರಗತಿಯಲ್ಲಿ ಜಾತಿ ಹಿಡಿದು ಕರೆಯುವ ಹುಡುಗರಿದ್ದಾರೆ, ಆ ಮಾತು ಅವರು ಶಾಲೆಯಲ್ಲಿ ಕಲಿತದ್ದಲ್ಲ ಅಂದಳು.

ನಾನು ಒಪ್ಪಲಿಲ್ಲ. ಅದೇ ತಾಯಿಯ ಕಥೆಯನ್ನು ನೊನೊಗುಚಿಗೆ ಕೊಟ್ಟರೆ ಅದರಿಂದಲೂ ಅವನು ಒಂದು ಅಧ್ಯಾಯ ಬರೆದು ನಮ್ಮ ಕಣ್ಣಲ್ಲಿ ನೀರು ಬರಿಸುತ್ತಾನೆ ಅಂದೆ. ಬರಿಸಲಿ, ಓದಿಯಾದ ಮೇಲೂ ಅವನಿಗೆ ಶಿಕ್ಷೆ ಕೊಡಬಹುದಲ್ಲ ಅಂದಳು ಅವಳು. ಮುಂದಿನ ವಾರ ಊರಿಗೆ ಹೋಗುವುದಿದೆ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬಹಳ ಗುರುತು ಹಾಕಿದ್ದಾಳಂತೆ. ಅವನ್ನು ನೋಡಿದ ಮೇಲೆ ವಾದ ಮುಂದುವರಿಸುವುದು ಅಂತ ಮಾತಾಗಿದೆ.